ತೊಯ್ದ ಗಡ್ಡ, ಸಾಲವಿಲ್ಲದ ಕ್ರಿಸ್‌ಮಸ್

ಡಿಸೆಂಬರ್ ಬಂತೆಂದರೆ ನಮ್ಮ ಮನೆಯಲ್ಲಿ ಏನಾದರೊಂದು ಆಗದೇ ಹೋಗುವುದಿಲ್ಲ. ಎಲ್ಲಾ ನನ್ನಿಂದಲೇ ಅಂತ ಬೀಗರು ಹೇಳುತ್ತಾರೆ. ನಾನು ಗಂಗಾವತಿಯಲ್ಲಿ ನರ್ಸು. ಹಬ್ಬದ ಮರುದಿನ ಸುಟ್ಟ ಕೈ, ಕೆಟ್ಟ ಹೊಟ್ಟೆ ಹಿಡಿದುಕೊಂಡು ಬರುವವರನ್ನು ನೋಡಿ ನೋಡಿ ಸಾಕಾಗಿ, ಮದುವೆಯಾದ ವರ್ಷವೇ ಹೇಳಿಬಿಟ್ಟೆ: "ನಮ್ಮ ಮನ್ಯಾಗ ಹಬ್ಬಕ್ಕ ಸಾಲ ಇಲ್ಲ, ಪಟಾಕಿ ಇಲ್ಲ, ಮಂದಿ ಮುಂದ ಡೌಲು ಇಲ್ಲ."

ಅತ್ತೆ ಹಣೆ ಬಡಿದುಕೊಂಡರು. "ಮಂದಿ ಏನಂದಾರು?"

"ಅನ್ಲಿ ಬಿಡ್ರಿ ಅತ್ತಿ. ಅನ್ನಾಕ ಅವರಿಗೂ ಒಂದು ಕೆಲಸ ಬೇಕಲ್ಲ."

ಜಾಲಿ ಗಿಡ

ಆ ವರ್ಷ ಕೊಪ್ಪಳದ ನಾದಿನಿ ಆಳೆತ್ತರದ ಪ್ಲಾಸ್ಟಿಕ್ ಕ್ರಿಸ್‌ಮಸ್ ಗಿಡ ಕೊಂಡಳು. ಅದರ ಫೋಟೋ ನನ್ನ ಮೊಬೈಲಿಗೆ ಬಂತು. ಕೆಳಗೆ, "ನಿಮ್ದು ಎಲ್ಲೈತಿ ವೈನಿ?" ಅಂತ ಬರೆದಿದ್ದಳು.

ನಾನೇನು ಸುಮ್ಮನಿರುವವಳೇ? ಕಾಲುವೆ ದಂಡೆಗೆ ಹೋಗಿ ಒಂದು ಜಾಲಿ ಟೊಂಗೆ ಕಡಿದು ತಂದೆ. ಮುಳ್ಳು ಸವರಿ, ಒಡೆದ ಬಕೆಟ್ಟಿಗೆ ಮಣ್ಣು ತುಂಬಿ ನಿಲ್ಲಿಸಿ, ಬಣ್ಣದ ಕಾಗದದ ಚುಕ್ಕಿ ಕಟ್ಟಿದೆ. ಖರೇನೇ ಛಲೋ ಕಾಣುತ್ತಿತ್ತು. ಫೋಟೋ ತೆಗೆಯೋಣವೆಂದು ಮೊಬೈಲ್ ತರಲು ಒಳಗೆ ಹೋದೆ.

ಬರುವಷ್ಟರಲ್ಲಿ ಪಕ್ಕದ ಮನೆಯ ಆಡು ಬಕೆಟ್ ಮೇಲೆ ಮುಂಗಾಲಿಟ್ಟು, ಎಲೆಯೆಲ್ಲ ಮುಗಿಸಿ, ತುದಿಯ ಚುಕ್ಕಿ ಅಗಿಯುತ್ತಾ ನಿಂತಿತ್ತು. ಅದರ ಒಡತಿ ಅಜ್ಜಿ ಓಡಿಬಂದಳು.

"ಅಯ್ಯ ನನ್ನವ್ವಾ, ನಿಮ್ಮ ದೇವರ ಗಿಡಾನ ತಿಂದುಬಿಟ್ಟೈತಲ್ಲ! ಪಾಪ ಹತ್ತತೈತೇನು?"

"ಎಂಥಾ ಪಾಪ ತಗೀ ಅಜ್ಜಿ! ನಮ್ಮ ದೇವರು ಹುಟ್ಟಿದ್ದ ದನದ ಕೊಟ್ಟಿಗ್ಯಾಗ. ನಿನ್ನ ಆಡು ಹಳೇ ಬೀಗರು, ನಾವು ಆಮ್ಯಾಲ ಬಂದವರು."

ಬೋಳು ಟೊಂಗೆಯ ಪಕ್ಕ ಆಡನ್ನೇ ನಿಲ್ಲಿಸಿ ಫೋಟೋ ತೆಗೆದು ನಾದಿನಿಗೆ ಕಳಿಸಿದೆ. "ನಮ್ಮ ಗಿಡ ಭಾಳ ರುಚಿ ಇತ್ತವ್ವ. ನಿಂದು ಯಾರರ ತಿಂದಾರೇನು?"

ಸಾಂತಾ ಕ್ಲಾಸ್ ತೊಯ್ದದ್ದು

ಚರ್ಚಿನ ಕಾರ್ಯಕ್ರಮದಲ್ಲಿ ಸಾಂತಾ ಕ್ಲಾಸ್ ಆಗುವವರು ನನ್ನ ಗಂಡನ ಅಣ್ಣ. ಹೊಟ್ಟೆ ಅವರದೇ, ಗಡ್ಡ ಮಾತ್ರ ಹತ್ತಿಯದು. ಅವರು ಕೆಮ್ಮಿದರೆ ಸಾಕು, ಮನೆಮಂದಿಯೆಲ್ಲ ಎದ್ದು ನಿಲ್ಲುತ್ತಾರೆ. ಅವರೆದುರು ನಾನು ದನಿ ಎತ್ತಿದವಳೇ ಅಲ್ಲ. ಆದರೂ ಒಮ್ಮೆ ತಡೆಯಲಾಗದೆ ಹೇಳಿದೆ:

"ಭಾವಾರ, ಗಡ್ಡ ಹಚ್ಚಿಕೊಂಡ ಮ್ಯಾಲ ಮೇಣಬತ್ತಿ ಹತ್ರ ಹೋಗಬ್ಯಾಡ್ರಿ."

"ಇಷ್ಟು ವರ್ಷ ಸುಟ್ಟಿಲ್ಲ, ಈಗ ಸುಡತೈತೇನವ್ವಾ?"

ನಾನು ಒಂದು ಬಕೆಟ್ ನೀರು ತುಂಬಿಕೊಂಡು ಹೋಗಿ ಮುಂದಿನ ಸಾಲಿನಲ್ಲೇ ಕೂತೆ. "ಆಸ್ಪತ್ರಿ ಅಕ್ಕಾರು ಬಟ್ಟಿ ತೊಳ್ಯಾಕ ಬಂದಾರ," ಅಂತ ಹಿಂದಿನಿಂದ ಯಾರೋ ನಕ್ಕರು.

ಭಾವ ಗಂಟೆ ಬಾರಿಸುತ್ತಾ ಬಂದರು, ವೇದಿಕೆ ಹತ್ತಿದರು, ಮೇಣಬತ್ತಿ ಹಚ್ಚಲು ಬಗ್ಗಿದರು. ಗಡ್ಡದ ತುದಿಯಿಂದ ಸಣ್ಣಗೆ ಹೊಗೆ ಎದ್ದಿತು. ಮುಂದೆ ಏನಾಗುತ್ತದೆಂದು ನೋಡುತ್ತಾ ಕೂರುವ ಹೆಣ್ಣಲ್ಲ ನಾನು. ಇಡೀ ಬಕೆಟ್ ನೆತ್ತಿಯ ಮೇಲೆ ಸುರಿದೆ.

ಭಾವನ ಅಂಗಿಯಿಂದ ನೀರು ವೇದಿಕೆಯ ಮೇಲೆಲ್ಲ ಹರಿಯಿತು. ಭಾವ ನಿಧಾನಕ್ಕೆ ಗಡ್ಡ ಕಿತ್ತು, ಕರಕಾದ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಕೊನೆಗೆ ಪಾಸ್ಟರೇ ಮೈಕು ಹಿಡಿದರು.

"ತಂಗೀ, ಅವರಿಗೆ ದೀಕ್ಷಾಸ್ನಾನ ಸಣ್ಣವರಿದ್ದಾಗನ ಆಗೈತವ್ವಾ."

ಮೊದಲು ನಕ್ಕವರು ಭಾವ.

ವಯಸ್ಸೆಷ್ಟು?

ಯಲಬುರ್ಗಾದಲ್ಲಿ ಕೆಲಸಕ್ಕಿದ್ದಾಗ ಹಬ್ಬಕ್ಕೆಂದು ಬೇಕರಿಯಲ್ಲಿ ಒಂದು ಸಣ್ಣ ಕೇಕ್ ತೋರಿಸಿ ಕೇಳಿದೆ. ಅಂಗಡಿಯವನು ಹೊಸಬ.

"ಯಾರ ಹುಟ್ಟಿದ ದಿನ ಐತ್ರಿ ಅಕ್ಕಾರ?"

"ಯೇಸಪ್ಪಂದು."

"ಮಗಾನ್ರೀ?"

"ಮಗಾನ. ಆದ್ರ ನನ್ನ ಮಗ ಅಲ್ಲ."

"ವಯಸ್ಸೆಷ್ಟಂತ ಹೇಳ್ರಿ, ಅಷ್ಟು ಮೇಣಬತ್ತಿ ಫ್ರೀ ಕೊಡತೀನಿ."

"ಎರಡು ಸಾವಿರದ ಮ್ಯಾಲ ಆಗ್ಯಾವಪ್ಪ."

ಅವನು ಕೇಕ್ ನೋಡಿದ, ನನ್ನ ಮುಖ ನೋಡಿದ. ಆದರೆ ವ್ಯಾಪಾರಿ, ಬಿಟ್ಟಾನೆಯೇ? "ಹಂಗಾರ ನೀವು ದೊಡ್ಡ ಕೇಕ್ ಒಯ್ಯಬೇಕಾಗತೈತ್ರಿ."

"ಅಷ್ಟು ವಯಸ್ಸಾದವರಿಗೆ ಸಕ್ರಿ ಛಲೋ ಅಲ್ಲ. ಸಣ್ಣದ ಕೊಡು," ಅಂದೆ.

ಹಬ್ಬದ ಸಾಲ

ಹೋದ ವರ್ಷ ಮಾತ್ರ ನನ್ನ ಹಟ ಮುರಿದೇ ಹೋಯಿತು ಅಂದುಕೊಂಡೆ. ಬೀಗರಿಗೆಲ್ಲ ಸೀರೆ ಉಡಿಸಬೇಕು, ಓಣಿಗೆಲ್ಲ ಬಿರಿಯಾನಿ ಹಾಕಿಸಬೇಕು ಅಂತ ನನ್ನ ಗಂಡನಿಗೆ ಹುಕಿ ಬಂತು. ನನಗೆ ಹೇಳದೆ ಸಾಲ ಕೊಡುವ ಒಬ್ಬನನ್ನು ಮನೆಗೇ ಕರೆಸಿದರು. ಬೆಳಿಗ್ಗೆ ಅತ್ತೆ, ನಾನು ಕರ್ಚಿಕಾಯಿ ಮಾಡುತ್ತಾ ಕೂತಿದ್ದೆವು. ಅವನು ಚೀಲ ತೊಡೆಯ ಮೇಲಿಟ್ಟುಕೊಂಡು ಎದುರಿಗೆ ಕೂತ. ಸಾಲಕ್ಕೆ ಅಡವಿಡಬೇಕಾದ ಮನೆ ಅತ್ತೆಯ ಹೆಸರಲ್ಲಿದೆ. ಅವರು ಹ್ಞೂಂ ಅಂದರೆ ಮುಗಿಯಿತು.

"ಅಮ್ಮಾರ, ಹಬ್ಬ ವರ್ಷಕ್ಕೊಮ್ಮೆ ಬರತೈತ್ರಿ," ಅಂತ ಶುರುಮಾಡಿದ.

"ಖರೆ ಐತಪ್ಪ. ನೀ ಯಾವಾಗ ಬರತಿ?"

"ನಾವು ತಿಂಗಳಾ ತಿಂಗಳಾ ಬರತೀವ್ರಿ, ಕಂತಿಗೆ."

ಗಂಡ ತಲೆ ತಗ್ಗಿಸಿದರು. ಅತ್ತೆ ಕೈಯ ಹಿಟ್ಟು ಒರೆಸಿಕೊಂಡು ನೆಟ್ಟಗೆ ಕೂತರು.

"ನಮ್ಮ ಯೇಸಪ್ಪ ಹುಟ್ಟಿದಾಗ ದೂರ ದೇಶದಿಂದ ಪಂಡಿತರು ಬಂದಿದ್ರು. ಬಂಗಾರ ತಂದಿದ್ರು, ಧೂಪ ತಂದಿದ್ರು. ಕೂಸಿನ ಮುಂದ ಇಟ್ಟು, ಕೈ ಮುಗದು, ಬ್ಯಾರೆ ಹಾದಿ ಹಿಡದು ಹೋಗಿಬಿಟ್ರು. ಒಬ್ಬರೂ ಕಂತು ಕೇಳಾಕ ಹೊಳ್ಳಿ ಬರಲಿಲ್ಲ. ನೀನೂ ಹಂಗ ಕೊಟ್ಟು ಹೋಗತಿದ್ರ ಇಡಪ್ಪ, ಬ್ಯಾಡ ಅನ್ನೂದಿಲ್ಲ."

ಅವನು ಚೀಲವನ್ನು ಎದೆಗವಚಿಕೊಂಡು ಎದ್ದ. ಬಾಗಿಲ ತನಕ ಹೋದವನನ್ನು ಅತ್ತೆ ಕರೆದು ಎರಡು ಕರ್ಚಿಕಾಯಿ ಮುಂದೆ ಹಿಡಿದರು. ಅವನು ಹಿಂದೆ ಮುಂದೆ ನೋಡಿದ.

"ತಗೋಪಾ, ಹೆದರಬ್ಯಾಡ," ಅಂದರು ಅತ್ತೆ. "ಇವಕ್ಕ ಬಡ್ಡಿ ಇಲ್ಲ."