ಚಿಕ್ಕಪ್ಪನ ನಾಲ್ಕು ಕಾಯಿಲ್

ನಮ್ಮ ಚಿಕ್ಕಪ್ಪ ಹೆಣ್ಣು ನೋಡಲು ಹೋಗಿ ಕಾಫಿ ಆರುವುದರೊಳಗೆ ಮದುವೆಗೆ ಒಪ್ಪಿ ಬಂದವರು. ಕಾರಿಗೆ ಪ್ಲಗ್ಗು, ಕಾಯಿಲ್ ಆರಿಸಲು ಮಾತ್ರ ಅವರಿಗೆ ಇಡೀ ಒಂದು ಮಳೆಗಾಲ ಬೇಕು. ಚಿಕ್ಕಮ್ಮ ಇದನ್ನು ನಗುತ್ತ ಹೇಳುತ್ತಿದ್ದರು. ನನಗೆ ಈಗಲೂ ಸಿಟ್ಟೇ ಬರುತ್ತದೆ. ಯಾಕೆ ಅಂತೀರಾ?

ಶಿವಮೊಗ್ಗೆಯಲ್ಲಿ ಆಗ ಕಾರಿದ್ದ ಮನೆಗಳೇ ಅಪರೂಪ. ಚಿಕ್ಕಪ್ಪನದು ಯಾರೋ ಬಿಳಿ ದೊರೆ ಸೀಮೆಗೆ ಹೊರಡುವಾಗ ಮಾರಿಹೋದ ಹಳೆಯ ಗಾಡಿ. ಎಂಜಿನ್ನಿಗೆ ನಾಲ್ಕು ಪ್ಲಗ್ಗು, ಒಂದೊಂದಕ್ಕೂ ಕಿಡಿ ಕೊಡಲು ಮರದ ಪೆಟ್ಟಿಗೆಯೊಳಗೆ ಒಂದೊಂದು ಕಾಯಿಲ್. ಸರಿಯಿದ್ದರೆ ಅದು ದುಂಬಿಯ ಹಾಗೆ ಗುಂಯ್‌ಗುಡಬೇಕು. ಚಿಕ್ಕಪ್ಪ ಬಜಾರಿನ ಸಾಹೇಬರ ಮೋಟಾರು ಅಂಗಡಿಯಲ್ಲಿ ಕೂತು ಇದ್ದಬದ್ದ ಕಾಯಿಲನ್ನೆಲ್ಲ ಕಿವಿಗೊಟ್ಟು ಕೇಳುತ್ತಿದ್ದರು. ಒಮ್ಮೆ ತಂತಿಯ ತುದಿಯನ್ನು ಸಾಹೇಬರ ಕೈಗೇ ಕೊಟ್ಟುಬಿಟ್ಟರು. ಪಾಪ, ಅವರು ಸ್ಟೂಲಿನಿಂದ ಎಗರಿ ಬಿದ್ದರು.

"ಸ್ವಾಮಿ, ಮಾಲು ತಗೊಳ್ಳೋಕೆ ಬಂದ್ರೋ, ನನ್ ಜಾನ್ ತೆಗೆಯೋಕೆ ಬಂದ್ರೋ?"

"ಕೈ ಜೋಮು ಹಿಡೀತಲ್ಲ? ಹಂಗಾದ್ರೆ ಮಾಲು ಅಸಲಿ."

ನಾಲ್ಕೂ ಒಂದೇ ಕಂಪನಿಯದ್ದು ಹಾಕಿ ಎಂದರು ಸಾಹೇಬರು. ಚಿಕ್ಕಪ್ಪ ಕೇಳಬೇಕಲ್ಲ. "ಒಂದೇ ಕಂಪನಿದಾದ್ರೆ ಎಲ್ಲಾ ಒಟ್ಟಿಗೇ ಕೈ ಕೊಡ್ತವೆ. ಬೇರೆ ಬೇರೆ ಇದ್ರೆ ಒಂದು ಸತ್ರೂ ಮೂರು ಉಳೀತವೆ" ಎಂದು ನಾಲ್ಕು ಕಂಪನಿಯ ನಾಲ್ಕು ಕಾಯಿಲ್ ತಂದರು. ಒದ್ದೆಯಾದ ಪ್ಲಗ್ಗುಗಳನ್ನು ಅಮ್ಮನ ದೋಸೆ ಕಾವಲಿಯ ಮೇಲೆ ಹುರಿದರು. ಆಮೇಲೆ ಹೊಯ್ದ ದೋಸೆಗೆಲ್ಲ ಪೆಟ್ರೋಲಿನ ವಾಸನೆ. "ತಿಂದ್ಮೇಲೆ ಬೀಡಿ ಹಚ್ಚಬೇಡಿ" ಎಂದು ಅಮ್ಮ ಅಪ್ಪನಿಗೆ ಬಡಿಸಿದರು.

ಇಷ್ಟನ್ನೂ ಸಹಿಸಬಹುದಿತ್ತು. ಭದ್ರಾವತಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಉಪಾಧ್ಯಾಯಿನಿ ಕೆಲಸಕ್ಕೆ ನನ್ನನ್ನು ನೋಡಲು ಕರೆದಿದ್ದರು. ಹೆಣ್ಣಿಗೆ ನೌಕರಿ ಯಾಕೆ ಎನ್ನುತ್ತಿದ್ದ ಅಪ್ಪ ಅಂತೂ ಒಪ್ಪಿದ್ದರು. ಈ ಸಲ ತಪ್ಪಿದರೆ ಇನ್ನೊಂದು ಸಲ ಖಂಡಿತ ಇರಲಿಲ್ಲ. ನಾನು ರೈಲಿಗೆ ಹೋಗುತ್ತೇನೆ ಎಂದೆ.

"ಮನೇಲಿ ಕಾರಿಟ್ಕೊಂಡು ರೈಲಾ? ಹತ್ತು" ಎಂದರು ಚಿಕ್ಕಪ್ಪ.

ಮಾಚೇನಹಳ್ಳಿಯ ಹತ್ತಿರ ಒಂದು ಕಾಯಿಲ್ ಬಾಯಿ ಮುಚ್ಚಿತು. ಕಾರು ಕುಂಟಿತು. ಎರಡನೆಯದೂ ಹೋಯಿತು, ಆಮೇಲೆ ಮೂರನೆಯದು. ಚಿಕ್ಕಪ್ಪ ಬಾನೆಟ್ ಎತ್ತಿ ಪ್ಲಗ್ಗನ್ನು ಬಯ್ದರು, ಸಾಹೇಬರನ್ನು ಬಯ್ದರು, ಕಾರು ಮಾರಿದ ದೊರೆಯ ವಂಶವನ್ನೇ ಬಯ್ದರು.

"ಇದನ್ನೆಲ್ಲ ಆರಿಸಿದ್ದು ನೀವೇ ಅಲ್ವಾ ಚಿಕ್ಕಪ್ಪ?"

"ಸುಮ್ನಿರೇ ಮಾರಾಯ್ತಿ. ಐದು ನಿಮಿಷ."

ಆ ಐದು ನಿಮಿಷದಲ್ಲಿ ಬಿಸಿಲು ನೆತ್ತಿಗೆ ಬಂತು. ನಾನು ಆ ದಾರಿಗೆ ಬಂದ ಎತ್ತಿನ ಗಾಡಿ ಹತ್ತಿದೆ. ಇನ್ನು ಈ ಜನ್ಮದಲ್ಲಿ ಇವರ ಜೊತೆ ಮಾತಾಡುವುದಿಲ್ಲ ಎಂದು ಹಲ್ಲು ಕಚ್ಚಿಕೊಂಡು ಭದ್ರಾವತಿ ಸೇರಿದೆ.

"ಹೊತ್ತಿಗೆ ಸರಿಯಾಗಿ ಬರೋಕಾಗದವರು ಮಕ್ಕಳಿಗೆ ಏನಮ್ಮ ಕಲಿಸ್ತೀರಿ?" ಎಂದರು ಮುಖ್ಯೋಪಾಧ್ಯಾಯಿನಿ. ನಾನು ಹೊರಗಿನ ಜಗಲಿಯಲ್ಲಿ ಕೂತು ಅತ್ತೆ. ದುಃಖಕ್ಕಿಂತ ಸಿಟ್ಟಿಗೇ ಹೆಚ್ಚು ಅತ್ತೆ.

ಸ್ವಲ್ಪ ಹೊತ್ತಿಗೆ ಚಿಕ್ಕಪ್ಪ ಗೇಟಿನೊಳಗೆ ಬಂದರು. ನಡೆದು ಬಂದಿದ್ದರು. ಪಂಚೆಯ ತುಂಬ ಧೂಳು, ತಲೆಯ ಮೇಲೆ ರುಮಾಲಿಲ್ಲ. ನನ್ನ ಕಡೆ ನೋಡದೆ ನೇರ ಒಳಗೆ ನುಗ್ಗಿದರು. ಇಲ್ಲೂ ಜಗಳ ಶುರುವಾಯಿತು ಎಂದು ನಾನು ಬೆದರಿ ಎದ್ದು ನಿಂತೆ.

"ತಪ್ಪು ನಂದು ತಾಯಿ. ರೈಲಿಗೆ ಬರ್ತೀನಿ ಅಂದ್ಲು, ನಾನೇ ಬಿಡ್ಲಿಲ್ಲ. ಮಗು ಜಾಣೆ. ಒಂದ್ಸಲ ಮಾತಾಡ್ಸಿ ನೋಡಿ."

ಆ ದನಿಯಲ್ಲಿ ಅವರು ಯಾರನ್ನೂ ಬೇಡಿದ್ದನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಅವರು ಹೊರಗೆ ಬಂದಾಗ ಅಂಗೈ ನೋಡಿದೆ. ಕೆಂಪಗೆ ಬೊಬ್ಬೆ ಎದ್ದಿತ್ತು. ಕಾದ ಪ್ಲಗ್ಗು ಆರುವವರೆಗೆ ಕಾಯದೆ ಬರಿಗೈಯಲ್ಲೇ ಬಿಚ್ಚಿದ್ದರು.

"ಕಾರೆಲ್ಲಿ?"

"ರಸ್ತೇಲಿದೆ."

"ಹಂಗೇ ಬಿಟ್ಟು ಬಂದ್ರಾ?"

"ಅದಿರ್ಲಿ ಬಿಡೇ. ಮೊದ್ಲು ಕಣ್ಣೊರೆಸ್ಕೊ. ಒಳಗೆ ಕರೀತಿದ್ದಾರೆ."