ಕುಕ್ಕುವಾಡದ ಕವಲಿನಲ್ಲಿ ಬಾವುಟ ಹಿಡಿದವನು

ನನಗೆ ಚಳಿ ತಡೆಯುವುದಿಲ್ಲ. ದಾವಣಗೆರೆಯಲ್ಲಿ ಇದನ್ನು ಬಾಯಿಬಿಟ್ಟು ಹೇಳುವುದಕ್ಕೂ ಧೈರ್ಯ ಬೇಕು. ಬಿಸಿಲಿನ ಬಗ್ಗೆ ಗೊಣಗಿದರೆ ನಾಲ್ಕು ಜನ ಜೊತೆಗೂಡಿ ಗೊಣಗುತ್ತಾರೆ. ಚಳಿ ಎಂದರೆ ಮಾತ್ರ ಜ್ವರ ಏನಾದರೂ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡುತ್ತಾರೆ. ನಾನು ಬೆಳೆದದ್ದು ಹರಿಹರದಲ್ಲಿ. ಸಂಕ್ರಾಂತಿಯ ದಿನ ಅಪ್ಪ ಹೊಳೆಯಲ್ಲಿ ಮುಳುಗು ಹಾಕಿ ಬಾ ಎಂದು ಅಟ್ಟಿದರೆ, ದಡದಲ್ಲಿ ಕೂತು ತಲೆಗೂದಲಷ್ಟೇ ಒದ್ದೆ ಮಾಡಿಕೊಂಡು ನಡುಗುತ್ತ ವಾಪಸಾಗುತ್ತಿದ್ದೆ. ಅದರಲ್ಲಿ ನಡುಕ ಮಾತ್ರ ನಿಜವಾದದ್ದು.

ಇಂಥವನನ್ನು ಡಿಸೆಂಬರಿನ ಒಂದು ಭಾನುವಾರ, ಬೆಳಕು ಹರಿಯುವ ಮೊದಲೇ, ಕುಕ್ಕುವಾಡದ ಹತ್ತಿರ ಕಾಲುವೆಯ ದಂಡೆ ಮೇಲೆ ನಿಲ್ಲಿಸಿದವಳು ನನ್ನ ಹೆಂಡತಿ ಗಿರಿಜಾ. ಹೈಸ್ಕೂಲಿನಲ್ಲಿ ಗಣಿತ ಹೇಳುವ ಆಕೆಗೆ ಈಚೆಗೆ ಓಟದ ಹುಚ್ಚು. ಮಳೆಗಾಲದಿಂದಲೂ ನಿಜಲಿಂಗಪ್ಪ ಬಡಾವಣೆಯ ರಸ್ತೆಗಳನ್ನೆಲ್ಲ ಸುತ್ತಿ ಸುತ್ತಿ, ಕೊನೆಗೆ ಹೊಲದ ಬದು, ಕಾಲುವೆ ದಂಡೆಗಳ ಮೇಲೆ ಓಡುವ ಈ ಸ್ಪರ್ಧೆಗೆ ಹೆಸರು ಕೊಟ್ಟಳು. ಹೆಂಗಸರಲ್ಲಿ ಮೊದಲು ಬರಲೇಬೇಕೆಂಬ ಹಟ. ಸ್ವಯಂಸೇವಕರು ಸಾಲುತ್ತಿಲ್ಲವೆಂದು ಸಂಘಟಕರು ಅಂದಾಗ ನನ್ನನ್ನು ಒಂದು ಮಾತೂ ಕೇಳದೆ ನನ್ನ ಹೆಸರನ್ನೂ ಕೊಟ್ಟಳು.

"ಸುಮ್ನೆ ನಿಂತ್ಕೊಂಡಿರೋದು ಅಷ್ಟೇರಿ. ನಿಮಗದು ಚೆನ್ನಾಗಿ ಬರ್ತೈತೆ" ಎಂದಳು.

ನನಗೆ ಗಾಳಿ ಆಚೆಯಿಂದ ಈಚೆ ಸಲೀಸಾಗಿ ಓಡಾಡುವಂಥ ಕಿತ್ತಳೆ ಬಣ್ಣದ ಜಾಕೆಟ್ಟು, ಒಂದು ಹಸಿರು ಬಾವುಟ ಕೊಟ್ಟರು. ದಾರಿ ಅಲ್ಲಿ ಕವಲಾಗುತ್ತದೆ. ಬಂದವರಿಗೆಲ್ಲ ಬಾವುಟ ಬೀಸಿ ಎಡಕ್ಕೆ ತಿರುಗಿಸಬೇಕು. ನೇರ ಹೋದವರು ಮಾಯಕೊಂಡದ ದಿಕ್ಕು ಹಿಡಿಯುತ್ತಾರೆ.

ನಾನು ಹಲ್ಲು ಕಟಕಟಿಸುವುದನ್ನು ನೋಡಿ ಪಕ್ಕದ ಹೊಲದ ಹಾಲಪ್ಪಜ್ಜನಿಗೆ ಕನಿಕರ ಬಂತು. ಒಣಗಿದ ಮೆಕ್ಕೆಜೋಳದ ಸೊಪ್ಪೆ ತಂದು ಬೆಂಕಿ ಹಾಕಿದ.

"ಓಡಿ ಓಡಿ ಎಲ್ಲಿಗೋಗ್ತಾರ್ರೀ ಇವ್ರು?"

"ಹೊರಟಲ್ಲಿಗೇ ವಾಪಸ್ ಹೋಗ್ತಾರಜ್ಜ."

ಅಜ್ಜ ಬೆಂಕಿಗೆ ಇನ್ನೆರಡು ಸೊಪ್ಪೆ ಒಡ್ಡಿ, "ಹಂಗಾರೆ ಅವಸರ ಏನೈತೆ?" ಎಂದ.

ಬೆಂಕಿ ಹಾಕಿಕೊಂಡು ಕೂತವರು ದಾರಿಹೋಕರನ್ನು ಕರೆಯದಿದ್ದರೆ ಆ ಕಡೆ ಅದು ದೊಡ್ಡ ಅಮರ್ಯಾದೆ. ಮೊದಲು ಓಡಿ ಬಂದ ಹುಡುಗನಿಗೇ ಅಜ್ಜ "ಬರ್ರಿ, ಕೂಡ್ರಿ, ಕೈ ಕಾಸ್ಕಳ್ರಿ" ಎಂದ. ಆ ಹುಡುಗ ನನ್ನ ಬಾವುಟ ನೋಡಿದ, ಬೆಂಕಿ ನೋಡಿದ, ಕೂತೇಬಿಟ್ಟ. ಅವನನ್ನು ನೋಡಿ ಎರಡನೆಯವನು ಕೂತ. ನೋಡನೋಡುತ್ತ ಹತ್ತು ಹನ್ನೆರಡು ಜನ ಬೆಂಕಿಯ ಸುತ್ತ ಕುಕ್ಕರಗಾಲಿನಲ್ಲಿ ಕೂತು ಊರು-ಕೇರಿ ವಿಚಾರಿಸಿಕೊಳ್ಳತೊಡಗಿದರು. "ಏಳ್ರಪ್ಪ, ಇದು ರೇಸು" ಎಂದು ಒಬ್ಬೊಬ್ಬರ ರಟ್ಟೆ ಹಿಡಿದೆ. "ಇರ್ರಿ ಅಂಕಲ್, ಚಾ ಬರ್ತೈತಂತೆ" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು, ಕಿವಿಯೊಂದನ್ನು ಬಿಟ್ಟು. ಅದಕ್ಕೇ ಬಾವುಟವನ್ನು ಕೋಲಿನಿಂದ ಬಿಚ್ಚಿ ತಲೆಗೆ ಸುತ್ತಿ ಗದ್ದದ ಕೆಳಗೆ ಗಂಟು ಹಾಕಿಕೊಂಡೆ.

ಆಗ ಗಿರಿಜಾ ಬಂದಳು. ಅವಳ ಮುಂದೆ ಇನ್ನೊಬ್ಬ ಹೆಂಗಸು ಹೋಗಿರಲಿಲ್ಲ. ಬೆಂಕಿಯ ಕಡೆ ಕಣ್ಣೆತ್ತಿಯೂ ನೋಡದೆ ಓಡಿ ಬರುತ್ತಿದ್ದಳು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಎರಡೂ ಕೈಯಿಂದ ಚಪ್ಪಾಳೆ ಹೊಡೆದೆ. ಅವಳು ನನ್ನ ಮುಂದೆಯೇ ನೇರ ಹೋದಳು. ಹೋದ ಮೇಲೆ ನೆನಪಾಯಿತು, ನಾನು ಅಲ್ಲಿ ನಿಂತದ್ದು ಚಪ್ಪಾಳೆಗಲ್ಲ ಎಂದು.

ಹಿಂದೆಯೇ ಓಡಿದೆ. ಕೂಗೋಣವೆಂದರೆ ಉಸಿರಿಲ್ಲ. ನನ್ನ ಹೆಜ್ಜೆ ಸಪ್ಪಳ ಕೇಳಿ ಯಾರೋ ಎದುರಾಳಿ ಹತ್ತಿರ ಬಂದಳೆಂದುಕೊಂಡು ಅವಳು ಇನ್ನೂ ಜೋರು ಮಾಡಿದಳು. ಕೊನೆಗೆ ಅವಳನ್ನು ನಿಲ್ಲಿಸಿದ್ದು ದಾರಿಗಡ್ಡ ಬಂದ ಒಂದು ಕುರಿಹಿಂಡು. ಅವಳು ತಿರುಗಿ ನೋಡಿದಳು. ನಾನೂ ತಿರುಗಿ ನೋಡಿದೆ. ಬೆಂಕಿ ಕಾಸಿಕೊಳ್ಳುತ್ತಿದ್ದವರೆಲ್ಲ ನನ್ನ ಬೆನ್ನ ಹಿಂದೆ ಬಂದು ನಿಂತಿದ್ದರು.

ಹಿಂದಿದ್ದ ಹೆಂಗಸರೆಲ್ಲ ಹಾಲಪ್ಪಜ್ಜನನ್ನು ಕೇಳಿ ಎಡಕ್ಕೆ ತಿರುಗಿ ಹೋದರೆಂದು ಆಮೇಲೆ ತಿಳಿಯಿತು. ಆದರೆ ಮೊದಲ ಸ್ಥಾನ ಕೈತಪ್ಪಿತೆಂದು ಗಿರಿಜಾಗೆ ಅಲ್ಲಿಯೇ ಗೊತ್ತಾಗಿತ್ತು. ಅವಳ ಮುಖ ನೋಡಿ ನನಗೆ ನಿಜವಾಗಿ ಸಂಕಟವಾಯಿತು. ಬೈದಿದ್ದರೆ ಚೆನ್ನಾಗಿತ್ತು. ಅವಳು ನನ್ನನ್ನು ಬಿಟ್ಟು ನನ್ನ ಬೆನ್ನ ಹಿಂದೆ ನಿಂತಿದ್ದವರನ್ನು ಕೇಳಿದಳು: "ಇವರ ಹಿಂದೆ ಯಾಕ್ ಬಂದ್ರಿ ನೀವು?"

"ಅಂಕಲ್ ಜಾಕೆಟ್ ಹಾಕಿದ್ರಲ್ಲ ಮೇಡಮ್. ದಾರಿ ಗೊತ್ತಿರ್ತೈತೆ ಅಂದ್ಕೊಂಡ್ವಿ."

"ಮದ್ವಿ ದಿನ ಇವ್ರು ಕೋಟ್ ಹಾಕಿದ್ರು" ಎಂದಳು ಗಿರಿಜಾ. "ನಾನೂ ಹಂಗೇ ಅಂದ್ಕೊಂಡಿದ್ದೆ."