ಗುಂಜಿಯ ನೆಲದಡಿಯ ಚಿತ್ರ

ಬಾಳೇಶನ ಕಷ್ಟಕ್ಕೆಲ್ಲ ಕಾರಣ ಎರಡು ಗೆರೆ. ಗುಂಜಿ ಎಂಬ ಊರಿನ ನೆಲದೊಳಗೆ ಶಬ್ದ ಕಳಿಸಿ, ಆಳದ ಬಂಡೆಗಳಿಗೆ ಬಡಿದು ಮರಳಿದ ದನಿಯಿಂದ ತೆಗೆದ ಚಿತ್ರದಲ್ಲಿ ಅವೆರಡೂ ಕತ್ತರಿಯಂತೆ ಒಂದನ್ನೊಂದು ದಾಟಿದ್ದವು. ಅಲ್ಲಿ ಮಡಿಕೆ ಬಿದ್ದ ಬಂಡೆಯ ಪದರು ಕಮಾನಿನಂತೆ ಮೇಲೆದ್ದಿದೆಯೋ, ಬೋಗುಣಿಯಂತೆ ತಗ್ಗಾಗಿದೆಯೋ? ಸಂಜೆ ಐದರೊಳಗೆ ಸಮೀಕ್ಷೆ ಕಚೇರಿಯ ಮುಖ್ಯಸ್ಥೆ ಪದ್ಮಶ್ರೀ ಮೇಡಂಗೆ ಹೇಳಬೇಕು. ಅವನ ತಾತ್ಕಾಲಿಕ ನೌಕರಿ ಆ ತಿಂಗಳಿಗೆ ಮುಗಿಯುತ್ತಿತ್ತು. ಸರಿಯಾಗಿ ಹೇಳಿದರೆ ಮೇಡಂ ಮೆಚ್ಚಿ ಇನ್ನೊಂದು ವರ್ಷ ಇಟ್ಟುಕೊಂಡಾರು ಎಂಬ ಆಸೆ ಅವನದು.

ಹಿಂದವಾಡಿಯ ಬಾಡಿಗೆ ಕೋಣೆಯಲ್ಲಿ ಚಿತ್ರ ಹಾಸಿಕೊಂಡು ಕುಳಿತಿದ್ದಾಗ ಮನೆಯೊಡತಿ ಭೀಮಕ್ಕ ಉಪ್ಪಿಟ್ಟು ತಂದಳು.

"ಇದೇನೋ ತಮ್ಮಾ?"

"ಗುಂಜಿ ನೆಲದ ಒಳಗಿನ ಚಿತ್ರ ರೀ, ಅಕ್ಕಾರ."

ಗುಂಜಿ ಭೀಮಕ್ಕನ ತವರು. "ಅಯ್ಯ ನಮ್ಮವ್ವಾ! ಒಳಗ ಇಷ್ಟು ಸೀಳೈತೇನು?" ಎಂದವಳೇ ಬಾಳೇಶ ಬಾಯಿ ತೆರೆಯುವಷ್ಟರಲ್ಲಿ ಊರಲ್ಲಿದ್ದ ತನ್ನ ತಮ್ಮನಿಗೆ ಫೋನ್ ಹಚ್ಚಿದಳು. "ಕರೆಪ್ಪಾ, ಮನಿ ಬಿಟ್ಟು ಹೊರಗ ಬಾ! ಸಾಹೇಬ್ರ ಕಡೆ ಫೋಟೋ ಐತಿ!"

ಮಧ್ಯಾಹ್ನಕ್ಕೆ ಕರೆಪ್ಪ, ಅವನ ಹೆಂಡತಿ ಕಾಡವ್ವ, ಒಂದು ಟ್ರಂಕು, ಎರಡು ಕೋಳಿ ರೈಲಿನಿಂದಿಳಿದು ಸೀದಾ ಬಾಳೇಶನ ಕೋಣೆಗೆ ಬಂದರು. ಬಾಜು ಮನೆಯ ಬಸಲಿಂಗಪ್ಪನೂ ಬಂದ. ರವಿವಾರ ಪೇಟೆಯ ಕಾಳಿನ ವ್ಯಾಪಾರಿ.

"ಚೀಲ ಒಟ್ಟಿದಂಗ ಕಾಣತೈತ್ರಿ," ಎಂದು ಅವನು ಚಿತ್ರದ ಮೇಲೆ ಬೆರಳಾಡಿಸಿದ. "ಕೆಳಗಿನ ಚೀಲ ಜಾರಿದ್ರ ಮ್ಯಾಲಿಂದು ಉಳಿಯೂದಿಲ್ಲ."

ಕಾಡವ್ವ ಗೊಳೋ ಎಂದಳು. ಒಂದು ಕೋಳಿ ಚಿತ್ರದ ಮೇಲೆಯೇ ನಡೆದುಹೋಯಿತು.

"ಏನೂ ಬೀಳೂದಿಲ್ರಿ!" ಬಾಳೇಶ ಕೈಮುಗಿದ. "ಕೋಟಿಗಟ್ಟಲೆ ವರ್ಷದ ಹಿಂದ ಬಾಗಿದ ಕಲ್ಲದು. ನಾವು ಮ್ಯಾಲಿಂದ ಶಬ್ದಾ ಕಳಸ್ತೀವಿ, ಅದು ಕಲ್ಲಿಗೆ ಬಡದು ತಿರುಗಿ ಬರ್ತೈತಿ. ಅಷ್ಟ."

ಕರೆಪ್ಪ ನಿರಾಳವಾಗಿ ನಕ್ಕ. "ಹಂಗಾರ ನಾ ಎಮ್ಮಿ ಕರದಂಗ ಬಿಡ್ರಿ. ತಗ್ಗಿನ್ಯಾಗ ನಿಂತು ಒಮ್ಮೆ ಕೂಗಿದ್ರ ಎಡಗಡೆ ಗುಡ್ಡದಿಂದೊಂದು, ಬಲಗಡೆ ಗುಡ್ಡದಿಂದೊಂದು, ಎರಡು ದನಿ ಬರ್ತಾವು. ದಿನ್ನಿ ಮ್ಯಾಲೆ ನಿಂತ್ರ ಹಂಗ ಬರೂದಿಲ್ಲ."

ಬಾಳೇಶ ಎರಡು ಗೆರೆಗಳನ್ನು ನೋಡಿದ. ಕರೆಪ್ಪನನ್ನು ನೋಡಿದ. ಬೋಗುಣಿ! ತಗ್ಗಿನ ಎರಡು ಬದಿಯಿಂದ ಮರಳಿದ ಎರಡು ದನಿಗಳೇ ಎರಡು ಗೆರೆಯಾಗಿ ಒಂದನ್ನೊಂದು ದಾಟಿದ್ದವು. ಅವನು ಕರೆಪ್ಪನ ಕಾಲಿಗೆ ಬಿದ್ದ. ತನ್ನ ಕೆಲಸ ಕೆಡಿಸಿದರೆಂದು ಮನಸ್ಸಿನಲ್ಲೇ ಬೈದುಕೊಂಡಿದ್ದ ಅವರೆಲ್ಲರ ಮೇಲೆ ಈಗ ಪ್ರೀತಿ ಉಕ್ಕಿ ಬಂತು. ಕೋಳಿಗೂ ಉಪ್ಪಿಟ್ಟು ಹಾಕಿದ.

ಐದಕ್ಕೆ ಹತ್ತು ನಿಮಿಷವಿರುವಾಗ ಕಚೇರಿಯಲ್ಲಿ ಪದ್ಮಶ್ರೀ ಮೇಡಂ ಅವನ ವರದಿ ಓದಿದರು. ಕಂಪ್ಯೂಟರಿನಲ್ಲಿ ತಾಳೆ ಹಾಕಿದರು. ಎದ್ದು ನಿಂತು ಅವನ ಕೈ ಕುಲುಕಿದರು.

"ಶಹಬ್ಬಾಸ್ ಬಾಳೇಶ! ಇದು ಬಗಿಹರಿಯೂದಿಲ್ಲಂತ ತಿಳದು ಇನ್ನೊಂದು ವರ್ಷದ ಸಮೀಕ್ಷೆಗೆ ಅರ್ಜಿ ಬರದಿದ್ದೆ. ಅದರಾಗ ನಿನ್ನ ನೌಕರಿನೂ ಸೇರಿಸಿದ್ದೆ. ಇನ್ನ ಅದರ ಜರೂರಿ ಇಲ್ಲ. ಭಾಳ ಉಪಕಾರ ಆತಪ್ಪಾ!"

ಮೇಡಂ ಅರ್ಜಿಯನ್ನು ಸಂತೋಷದಿಂದ ಹರಿದು ಬುಟ್ಟಿಗೆ ಹಾಕಿದರು.

"ಎಲ್ಲಾ ಕರೆಪ್ಪನ ದಯಾ ರೀ ಮೇಡಂ," ಎಂದ ಬಾಳೇಶ. ಅದು ಖರೇನೂ ಆಗಿತ್ತು.